ಮೋನೋಸೈಟ್‌ಗಳ ದಾರಿ ನಿರ್ಧರಿಸುವ ಗ್ರಾಹಿಗಳು

ರಕ್ತಪರೀಕ್ಷೆಯ ವರದಿಯಲ್ಲಿ ಒಂದೇ ಸಾಲಿನಲ್ಲಿ ನಮೂದಾಗುವ ಮೋನೋಸೈಟ್‌ಗಳು ಬಿಳಿ ರಕ್ತಕಣಗಳ ಪೈಕಿ ಸಾಮಾನ್ಯವಾಗಿ ಶೇ. 2ರಿಂದ 8ರಷ್ಟಿರುತ್ತವೆ. ಅವೆಲ್ಲ ಒಂದೇ ಬಗೆಯವಲ್ಲವೆಂಬುದು ಸ್ಪಷ್ಟವಾದದ್ದು 1980ರ ದಶಕದ ಕೊನೆಯಲ್ಲಿ, ಹೊಳೆಯುವ ಬಣ್ಣ ಸೇರಿಸಿದ ಪ್ರತಿಕಾಯಗಳನ್ನು ಕೋಶಗಳಿಗೆ ಅಂಟಿಸಿ, ಅವನ್ನು ಒಂದೊಂದಾಗಿ ಲೇಸರ್ ಕಿರಣದೆದುರು ಹಾಯಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿ ವಿಧಾನದಿಂದ. 2010ರಲ್ಲಿ ಒಪ್ಪಿತವಾದ ವರ್ಗೀಕರಣದಂತೆ, ಹೊರಪೊರೆಯಲ್ಲಿ ಸಿಡಿ14 ಎಂಬ ಪ್ರೋಟೀನು ಹೇರಳವಾಗಿದ್ದು ಸಿಡಿ16 ಇಲ್ಲದವು ಕ್ಲಾಸಿಕಲ್, ಸಿಡಿ14ರ ಜೊತೆಗೆ ಸಿಡಿ16 ಕೂಡ ಇರುವವು ಮಧ್ಯಂತರ, ಸಿಡಿ14 ತಗ್ಗಿ ಸಿಡಿ16 ಹೆಚ್ಚಿರುವವು ನಾನ್‌ಕ್ಲಾಸಿಕಲ್. ಆರೋಗ್ಯವಂತರಲ್ಲಿ ಬಹುಪಾಲು ಮೊದಲನೆಯ ಬಗೆಯವೇ.

ಈ ಎರಡು ಗುರುತುಗಳು ವಿಂಗಡಣೆಗೆ ನೆರವಾಗುತ್ತವೆಯಾದರೂ, ಕೋಶ ಎಲ್ಲಿಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೀಮೋಕೈನ್‌ಗಳೆಂಬ ಸಂದೇಶ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ಗ್ರಾಹಿಗಳು. ಸೋಂಕು ತಗುಲಿದ ಅಥವಾ ಗಾಯಗೊಂಡ ಅಂಗಾಂಶ ಸಿಸಿಎಲ್2 ಎಂಬ ಕೀಮೋಕೈನನ್ನು ಹೊರಸೂಸಿದಾಗ, ಅದರ ಗ್ರಾಹಿಯಾದ ಸಿಸಿಆರ್2 ಸಮೃದ್ಧವಾಗಿರುವ ಕ್ಲಾಸಿಕಲ್ ಕೋಶಗಳು ರಕ್ತನಾಳದ ಒಳಗೋಡೆಗೆ ಅಂಟಿಕೊಂಡು, ಅದನ್ನು ದಾಟಿ ಅಂಗಾಂಶವನ್ನು ಸೇರುತ್ತವೆ. ಸೂಕ್ಷ್ಮ ರಂಧ್ರಗಳ ಪೊರೆಯಿಂದ ಬೇರ್ಪಡಿಸಿದ ಎರಡು ಅಂಕಣಗಳ ಪುಟ್ಟ ಪಾತ್ರೆಯಲ್ಲಿ ಇದನ್ನು ಪರೀಕ್ಷಿಸಬಹುದು: ಮೇಲೆ ಮೋನೋಸೈಟ್‌ಗಳನ್ನೂ ಕೆಳಗೆ ಸಿಸಿಎಲ್2 ಅನ್ನೂ ಇಟ್ಟರೆ ಕ್ಲಾಸಿಕಲ್ ಕೋಶಗಳು ರಂಧ್ರಗಳಲ್ಲಿ ನುಸುಳಿ ಕೆಳಗಿಳಿಯುತ್ತವೆ, ಸಿಡಿ16 ಉಳ್ಳವು ಬಹುತೇಕ ಮೇಲೆಯೇ ಉಳಿಯುತ್ತವೆ, ಕೆಳಗೆ ಫ್ರ್ಯಾಕ್ಟಲ್ಕೈನ್ ಎಂಬ ಇನ್ನೊಂದು ಕೀಮೋಕೈನನ್ನು ಇಟ್ಟಾಗಲಾದರೋ ಇಳಿಯುವವು ಮುಖ್ಯವಾಗಿ ಸಿಡಿ16 ಕೋಶಗಳೇ, ಏಕೆಂದರೆ ಅದರ ಗ್ರಾಹಿಯಾದ ಸಿಎಕ್ಸ್3ಸಿಆರ್1 ಅವುಗಳಲ್ಲಿಯೇ ಹೆಚ್ಚು. ದೇಹದಲ್ಲಿ ಫ್ರ್ಯಾಕ್ಟಲ್ಕೈನ್ ನಾಳದ ಒಳಪದರಕ್ಕೆ ನಾಟಿಕೊಂಡೇ ಇರಬಲ್ಲದು. ನಾನ್‌ಕ್ಲಾಸಿಕಲ್ ಕೋಶಗಳು ನಾಳದ ಗೋಡೆಯುದ್ದಕ್ಕೂ ತೆವಳುತ್ತ ಕಾವಲುಗಾರರಂತೆ ಸುತ್ತುವುದಕ್ಕೂ ಈ ಗ್ರಾಹಿಗೂ ನಂಟಿದೆಯೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ.

ಇವು ಮೂರು ಪ್ರತ್ಯೇಕ ಸಂತತಿಗಳೋ, ಒಂದೇ ಕೋಶದ ಮೂರು ವಯಸ್ಸುಗಳೋ ಎಂಬ ಪ್ರಶ್ನೆಗೆ 2017ರಲ್ಲಿ ದೊರೆತ ಉತ್ತರ ನಿಜಕ್ಕೂ ಸುಂದರವಾದುದು. ಭಾರಜಲಜನಕ ಬೆರೆತ ಗ್ಲೂಕೋಸ್ ಸೇವಿಸಿದ ಸ್ವಯಂಸೇವಕರ ರಕ್ತದಲ್ಲಿ ಆ ಗುರುತು ಮೊದಲು ಕ್ಲಾಸಿಕಲ್, ಬಳಿಕ ಮಧ್ಯಂತರ, ಕೊನೆಗೆ ನಾನ್‌ಕ್ಲಾಸಿಕಲ್ ಕೋಶಗಳಲ್ಲಿ ಕಾಣಿಸಿಕೊಂಡಿತು. ಕ್ಲಾಸಿಕಲ್ ಕೋಶಗಳಲ್ಲಿ ಹೆಚ್ಚಿನವು ಸುಮಾರು ಒಂದು ದಿನದಲ್ಲಿ ರಕ್ತವನ್ನು ಬಿಡುತ್ತವೆ. ಉಳಿದ ಕೆಲವು ರೂಪಾಂತರಗೊಳ್ಳುತ್ತ ಸಾಗಿ, ಕೊನೆಯ ಹಂತದಲ್ಲಿ ಒಂದು ವಾರದಷ್ಟು ಕಾಲ ಸಂಚರಿಸುತ್ತವೆ. ಈ ಪಯಣದಲ್ಲಿ ಸಿಸಿಆರ್2 ಕುಗ್ಗುತ್ತದೆ, ಸಿಎಕ್ಸ್3ಸಿಆರ್1 ಹೆಚ್ಚುತ್ತದೆ.

ಹಾಗೆಂದು ಒಂದು ಗ್ರಾಹಿಯನ್ನು ಮುಚ್ಚಿದ ಮಾತ್ರಕ್ಕೆ ಉರಿಯೂತ ನಿಲ್ಲುವುದಿಲ್ಲ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಸಿಸಿಆರ್2 ತಡೆಯುವ ಪ್ರತಿಕಾಯವನ್ನು ಪ್ರಯೋಗಿಸಿದಾಗ ನಿರೀಕ್ಷಿತ ಫಲ ದೊರೆಯಲಿಲ್ಲ. ಮೋನೋಸೈಟ್‌ಗಳಲ್ಲಿ ಸಿಸಿಆರ್1, ಸಿಸಿಆರ್5ರಂಥ ಬೇರೆ ಗ್ರಾಹಿಗಳೂ ಇರುವುದರಿಂದ, ಕೀಲಿನೊಳಕ್ಕೆ ಅವುಗಳಿಗೆ ಒಂದಕ್ಕಿಂತ ಹೆಚ್ಚು ದಾರಿಗಳು ತೆರೆದಿರುತ್ತವೆ.