ಆಟಗಾರರ ಕೊಳುಕೊಡೆ: ಜಾಣ್ಮೆಯೋ, ದೈವವೋ?

ಅಮೆರಿಕೆಯ ಬೇಸ್‌ಬಾಲ್ ತಂಡಗಳು ಆಟಗಾರರನ್ನು ತಮ್ಮತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಪದ್ಧತಿ ಬಹು ಹಿಂದಿನದು. ಐ.ಪಿ.ಎಲ್. ಕ್ರಿಕೆಟ್ ಬಂದ ಮೇಲೆ ನಮ್ಮವರಿಗೂ ಅದು ತೀರ ಅಪರಿಚಿತವಾಗಿ ಉಳಿದಿಲ್ಲ. ಇಂಥ ಕೊಳುಕೊಡೆಯಲ್ಲಿ ಒಂದು ತಂಡವು ಮೇಲಿಂದ ಮೇಲೆ ಲಾಭ ಪಡೆದರೆ ಅದನ್ನು ನಡೆಸುವವರ ಜಾಣ್ಮೆ ಎನ್ನಬೇಕೋ, ಕಾಕತಾಳೀಯವೆನ್ನಬೇಕೋ ಎಂಬ ವಾದವು ಅಲ್ಲಿ ಇನ್ನೂ ಮುಗಿದಿಲ್ಲ.

ಈ ವಾದದಲ್ಲಿ ತಪ್ಪದೆ ಬರುವ ಉದಾಹರಣೆ ೧೯೬೪ನೆಯ ಇಸವಿಯ ಜೂನ್ ೧೫ರದು. ಅಂದು ಶಿಕಾಗೋ ಕಬ್ಸ್ ತಂಡದವರು ಲೂ ಬ್ರಾಕ್ ಎಂಬ ತರುಣನನ್ನು ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡಕ್ಕೆ ಕೊಟ್ಟು, ಮುಖ್ಯವಾಗಿ ಅರ್ನಿ ಬ್ರೋಲಿಯೊ ಎಂಬ ಎಸೆತಗಾರನನ್ನು ಪಡೆದರು. ಬ್ರಾಕ್ ಹೋದ ವರ್ಷವೇ ಕಾರ್ಡಿನಲ್ಸ್ ವಿಶ್ವ ಸರಣಿಯನ್ನು ಗೆದ್ದಿತು. ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಸೇರುವ ಕಲೆಯಲ್ಲಿ ಆತ ಒಟ್ಟು ೯೩೮ ಸಲ ಯಶಸ್ವಿಯಾದನು. ಬ್ರೋಲಿಯೊ ಶಿಕಾಗೋಗೆ ಗೆದ್ದುಕೊಟ್ಟದ್ದು ಏಳೇ ಪಂದ್ಯಗಳನ್ನು. ಮೊಳಕೈಯ ನೋವು ಆತನ ಆಟವನ್ನೇ ಮುಗಿಸಿತು.

ಶಿಕಾಗೋದವರು ಮೂರ್ಖರೆಂದು ಅಂದಿನಿಂದ ಎಲ್ಲರೂ ಹೇಳುತ್ತ ಬಂದಿದ್ದಾರೆ. ನಾವು ಒಪ್ಪಲಾರೆವು. ಬ್ರೋಲಿಯೊ ೧೯೬೦ರಲ್ಲಿ ೨೧, ೧೯೬೩ರಲ್ಲಿ ೧೮ ಪಂದ್ಯಗಳನ್ನು ಗೆದ್ದವನು. ಬ್ರಾಕನ ಕೈಯಾದರೋ ಇನ್ನೂ ಕುದುರಿರಲಿಲ್ಲ. ಕೈಯಲ್ಲಿದ್ದ ಲೆಕ್ಕವನ್ನು ನೋಡಿ ಮಾಡಿದ ವ್ಯವಹಾರವದು.

ಇದಕ್ಕೆ ವಿರುದ್ಧವಾದುದು ಸಿನ್ಸಿನಾಟಿಯ ಪ್ರಕರಣ. ೧೯೬೫ರ ಡಿಸೆಂಬರಿನಲ್ಲಿ ಆ ತಂಡವು ಮೂವತ್ತರ ಹರೆಯದ ಫ್ರ್ಯಾಂಕ್ ರಾಬಿನ್ಸನ್ನನಿಗೆ ವಯಸ್ಸಾಯಿತೆಂದು ಆತನನ್ನು ಬಾಲ್ಟಿಮೋರಿಗೆ ಕೊಟ್ಟಿತು. ಅದೇ ವರ್ಷ ಆತ ೩೩ ಹೋಂ ರನ್ ಹೊಡೆದಿದ್ದನು! ಮರುವರ್ಷ ಸರಾಸರಿ, ಹೋಂ ರನ್, ತಂಡಕ್ಕೆ ತಂದ ರನ್ ಮೂರರಲ್ಲಿಯೂ ತನ್ನ ಲೀಗಿನಲ್ಲಿ ಆತನೇ ಮೊದಲಿಗ. ವಿಶ್ವ ಸರಣಿ ಬಾಲ್ಟಿಮೋರಿನದಾಯಿತು. ಇಲ್ಲಿ ದೈವವನ್ನು ದೂರುವುದು ಅನ್ಯಾಯ. ಕಣ್ಣೆದುರಿಗಿದ್ದುದನ್ನು ಒಬ್ಬರು ಕಂಡರು, ಇನ್ನೊಬ್ಬರು ಕಾಣಲಿಲ್ಲ.

ಡೆಟ್ರಾಯಿಟ್ ತಂಡದ ಕಥೆ ಬೇರೆಯೇ. ೧೯೮೭ರ ಆಗಸ್ಟಿನಲ್ಲಿ ಅದು ಇಪ್ಪತ್ತು ವರ್ಷದ ಜಾನ್ ಸ್ಮೋಲ್ಟ್ಸ್‌ನನ್ನು ಅಟ್ಲಾಂಟಾಕ್ಕೆ ಕೊಟ್ಟು ಹಿರಿಯನಾದ ಡಾಯ್ಲ್ ಅಲೆಕ್ಸಾಂಡರನನ್ನು ತಂದಿತು. ಅಲೆಕ್ಸಾಂಡರ್ ಒಂದೂ ಸೋಲದೆ ಒಂಬತ್ತು ಪಂದ್ಯಗಳನ್ನು ಗೆದ್ದು ತಂಡವನ್ನು ಅದರ ವಿಭಾಗದ ಅಗ್ರಸ್ಥಾನಕ್ಕೆ ಏರಿಸಿದನು. ಸ್ಮೋಲ್ಟ್ಸ್ ೨೦೧೫ರಲ್ಲಿ ಕೀರ್ತಿಮಂದಿರವನ್ನು ಸೇರಿದನು. ಬೇಕಾದುದನ್ನು ಇಬ್ಬರೂ ಪಡೆದ ಮೇಲೆ ಮೋಸಹೋದವರಾರು?

ಇನ್ನು ಸತತ ಯಶಸ್ಸಿನ ಮಾತು. ನಾಣ್ಯವನ್ನು ಐದು ಸಲ ಚಿಮ್ಮಿದರೆ ಐದು ಸಲವೂ ಬಯಸಿದ ಮುಖವೇ ಬೀಳುವ ಸಂಭವ ೩೨ರಲ್ಲಿ ಒಂದು. ಅಲ್ಲಿಯ ಪ್ರಮುಖ ತಂಡಗಳು ಈಗ ಮೂವತ್ತು. ಅವುಗಳೆಲ್ಲವೂ ಕಣ್ಣು ಮುಚ್ಚಿ ಐದೈದು ವಿನಿಮಯ ನಡೆಸಿದರೂ ಒಂದಕ್ಕೆ ಐದೂ ಫಲಿಸಿದರೆ ಅಚ್ಚರಿಯಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಆ ವ್ಯವಸ್ಥಾಪಕನನ್ನು ಮಹಾಮೇಧಾವಿ ಎನ್ನುತ್ತಾರೆ. ಐದಲ್ಲ, ಐವತ್ತು ವಿನಿಮಯಗಳನ್ನು ಕಂಡ ಬಳಿಕ ಹಾಗೆಂದರೆ ನಾವೂ ಕಿವಿಗೊಡುತ್ತೇವೆ. ಆದರೆ ಅಷ್ಟು ಕಾಲ ಆ ಹುದ್ದೆಯಲ್ಲಿ ಉಳಿಯುವವರು ವಿರಳ.

ಬ್ರಾಕನೂ ಬ್ರೋಲಿಯೊನೂ ಮುಂದೆ ಸ್ನೇಹಿತರಾದರು. ಆದರೂ ಏಕಪಕ್ಷೀಯ ವಿನಿಮಯಕ್ಕೆ ಅವರಿಬ್ಬರ ಹೆಸರೇ ಗಾದೆಯಂತಾಗಿದೆ. ೨೦೧೯ರಲ್ಲಿ ಬ್ರೋಲಿಯೊ ತೀರಿಕೊಂಡಾಗ ನಿಧನವಾರ್ತೆಗಳು ಆತನ ೨೧ ಗೆಲವುಗಳ ವರ್ಷಕ್ಕಿಂತ ಮೊದಲು ಆ ಜೂನ್ ತಿಂಗಳ ಕೊಳುಕೊಡೆಯನ್ನೇ ನೆನೆದವು.