ಪ್ಲಗ್ ಬಿಚ್ಚಿದ ಮೇಲೆ ತಿಳಿದದ್ದು

‘ಸ್ಪಾರ್ಕ್ ಪ್ಲಗ್ ಗ್ಯಾಪ್ ಎಷ್ಟಿರಬೇಕು?’

ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಸಂದರ್ಶನದಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಅದು. ನಾನು ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್. ನಾಲ್ಕು ಸ್ಟ್ರೋಕ್ ಇಂಜಿನ್ನಿನ ಚಿತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆದು, ಭಾಗಗಳನ್ನು ಗುರುತಿಸಬಲ್ಲೆ. ಆದರೆ ಗ್ಯಾಪ್? ‘ಮಿಲಿಮೀಟರ್‌ನಲ್ಲಿರುತ್ತೆ ಸರ್’ ಎಂದೆ. ಮೇಜಿನಾಚೆ ಕೂತಿದ್ದವರು ಬೈಯಲಿಲ್ಲ, ನಕ್ಕರು. ‘ಯಾವತ್ತಾದ್ರೂ ಒಂದು ಪ್ಲಗ್ ಬಿಚ್ಚಿ ನೋಡಿದ್ದೀರಾ?’ ಎಂದು ಕೇಳಿದರು. ‘ಇಲ್ಲ ಸರ್’ ಅಂದೆ. ಸಂದರ್ಶನ ಅಲ್ಲಿಗೇ ಮುಗಿಯಿತು.

ಸಿಟಿ ಬಸ್ಸಿನಲ್ಲಿ ಮನೆಗೆ ಬಂದರೆ ಅಪ್ಪ ಜಗುಲಿಯ ಮೇಲೆ ಡೈರಿ ಹಿಡಿದು ಕೂತಿದ್ದರು. ಅಪ್ಪನದು ಹಳದಿ ಬೋರ್ಡಿನ ಸಣ್ಣ ಕಾರು. 2014ರದು, ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ರೈಲ್ವೆ ಸ್ಟೇಷನ್ನಿನಿಂದ ಅರಮನೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಕೆಆರ್‌ಎಸ್ ಅಂತ ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡುತ್ತದೆ. ಒಂದು ಕಾಲಕ್ಕೆ ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದದ್ದು ಈಗ 13ಕ್ಕೆ ಇಳಿದಿತ್ತು. ಅಂದರೆ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಪೆಟ್ರೋಲ್ ಸುಮ್ಮನೆ ಸುಟ್ಟುಹೋಗುತ್ತಿತ್ತು. ಲೀಟರ್ ಬೆಲೆ ನೂರರ ಮೇಲಿರುವಾಗ ತಿಂಗಳಿಗೆ ಐದು ಸಾವಿರ ರೂಪಾಯಿ. ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ತಂಗಿಯ ಹಾಸ್ಟೆಲ್ ದುಡ್ಡು ಅದು.

‘ಮಾರ್ಬಿಡೋಣ ಕಣೋ. ಬಂದಷ್ಟು ಬರ್ಲಿ’ ಎಂದರು ಅಪ್ಪ.

ಇಂಜಿನ್ ಓದಿದ ಮಗ ಮನೆಯಲ್ಲಿದ್ದೂ ಅಪ್ಪ ಕಾರು ಮಾರುವ ಮಾತಾಡುತ್ತಿದ್ದಾರಲ್ಲ ಎಂದು ನಾಚಿಕೆಯಾಯಿತು. ‘ಒಂದು ತಿಂಗಳು ಟೈಮ್ ಕೊಡಿ ಅಪ್ಪಾ’ ಎಂದೆ.

ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಇರಿಡಿಯಂ ಪ್ಲಗ್ ಹಾಕಿಸಿ, ಮೈಲೇಜ್ ಜಾಸ್ತಿಯಾಗುತ್ತೆ ಎಂದು ಒಬ್ಬ. ಗಾಳಿ ಅಳೆಯುವ ಎಂಎಎಫ್ ಸೆನ್ಸರಿಗೆ ಸ್ಪ್ರೇ ಹೊಡೆಯಿರಿ, ಗಾಡಿ ಹೊಸದಾಗುತ್ತೆ ಎಂದು ಇನ್ನೊಬ್ಬ. ಬೆಳಿಗ್ಗೆಯೇ ಬಾನೆಟ್ ಎತ್ತಿ, ಸ್ಪ್ರೇ ಡಬ್ಬಿ ಹಿಡಿದು ಅರ್ಧ ಗಂಟೆ ಎಂಎಎಫ್ ಹುಡುಕಿದೆ. ಸಿಗಲಿಲ್ಲ. ಸಿಗುವುದಾದರೂ ಹೇಗೆ? ನಮ್ಮ ಕಾರಿನಲ್ಲಿ ಅದು ಇಲ್ಲವೇ ಇಲ್ಲ! ಎಷ್ಟೋ ಸಣ್ಣ ಕಾರುಗಳಲ್ಲಿ ಅದರ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ‘ಮ್ಯಾಪ್’ ಸೆನ್ಸರ್ ಇರುತ್ತದೆ. ಇದನ್ನು ಹೇಳಿದ್ದು ಬಂಬೂಬಜಾರ್ ಹತ್ತಿರ ಗ್ಯಾರೇಜ್ ಇಟ್ಟಿರುವ, ಅಪ್ಪನಿಗೆ ಹಳೇ ಪರಿಚಯದ ಮೆಕ್ಯಾನಿಕ್ ಅಣ್ಣ.

ಅಣ್ಣ ಕೆಲಸ ಕಲಿತದ್ದು ಜಾವಾ, ಯೆಜ್ಡಿ ಬೈಕುಗಳ ಮೇಲೆ. ಮೈಸೂರಿನವರಿಗೆ ಪ್ಲಗ್ ಹೊಸ ವಿಷಯವೇನಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಆ ಬೈಕುಗಳು ಬರುತ್ತಿದ್ದವು. ಟೂ ಸ್ಟ್ರೋಕ್ ಗಾಡಿಗಳಾದ್ದರಿಂದ ಪೆಟ್ರೋಲಿನ ಜೊತೆ ಆಯಿಲ್ ಕೂಡ ಸುಡುತ್ತಿತ್ತು, ಪ್ಲಗ್ ಮಸಿ ಹಿಡಿಯುತ್ತಿತ್ತು. ಅಪ್ಪನೂ ಯೆಜ್ಡಿ ಇಟ್ಟಿದ್ದವರೇ. ಟೂಲ್ ಬಾಕ್ಸಿನಲ್ಲಿ ಒಂದು ಹೆಚ್ಚುವರಿ ಪ್ಲಗ್, ಜೇಬಿನಲ್ಲಿ ಒಂದು ತುಂಡು ಸ್ಯಾಂಡ್ ಪೇಪರ್ ಇಲ್ಲದೆ ನಂಜನಗೂಡು ದಾಟುತ್ತಿರಲಿಲ್ಲವಂತೆ.

‘ಮೊದ್ಲು ಅಳತೆ ಮಾಡ್ಕೊಂಡ್ ಬಾ ಮಗಾ, ಆಮೇಲೆ ರಿಪೇರಿ’ ಎಂದರು ಅಣ್ಣ. ರಿಂಗ್ ರಸ್ತೆಯ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಗನ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ ಮೀಟರ್ ಬರೆದುಕೊಂಡೆ. ಎರಡು ದಿನ ಓಡಿಸಿ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿದೆವು. 254 ಕಿ.ಮೀ.ಗೆ 19.4 ಲೀಟರ್, ಅಂದರೆ 13.1. ಟೈರಿನ ಗಾಳಿಯನ್ನೂ ಮೊದಲೇ ಸರಿಮಾಡಿಸಿದ್ದೆ. ಗಾಳಿ ಕಡಿಮೆಯಿದ್ದರೆ ಯಾವ ಪ್ಲಗ್ಗೂ ಕಾಪಾಡುವುದಿಲ್ಲ.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನನ್ನ ಕೈಯಿಂದಲೇ ಮೂರೂ ಪ್ಲಗ್ ಬಿಚ್ಚಿಸಿದರು. ಮೂರಕ್ಕೂ ಒಣ ಕಪ್ಪು ಮಸಿ. ತುದಿ ಸವೆದು ಗ್ಯಾಪ್ ಅಗಲವಾಗಿತ್ತು. ಅಣ್ಣ ಅದನ್ನು ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡಿದರು. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಇಂಜಿನ್ ಆರೋಗ್ಯವಾಗಿದೆ. ಎಣ್ಣೆ ಜಿಡ್ಡಿದ್ದರೆ ಇಂಜಿನ್ ಆಯಿಲ್ ಒಳಗೆ ಸೋರಿ ಸುಡುತ್ತಿದೆ. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ವಿಪರೀತ ಕಾದಿದೆ. ಒಣ ಮಸಿಯಿದ್ದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚು ಬರುತ್ತಿದೆ.

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಾನು ಇರಿಡಿಯಂ ಕೇಳಿದೆ. ಒಂದಕ್ಕೆ ಸಾದಾ ಪ್ಲಗ್ಗಿನ ನಾಲ್ಕೈದು ಪಟ್ಟು ಬೆಲೆ. ಅಣ್ಣ ತಡೆದರು. ಇರಿಡಿಯಂ ಕರಗಬೇಕಾದರೆ 2,400 ಡಿಗ್ರಿ ದಾಟಬೇಕು, ಅಷ್ಟು ಗಟ್ಟಿ ಲೋಹ. ಹಾಗಾಗಿ ಸಾದಾ ನಿಕಲ್ ಪ್ಲಗ್ಗಿಗಿಂತ ಎಷ್ಟೋ ಪಟ್ಟು ಹೆಚ್ಚು ದಿನ ಬಾಳಿಕೆ ಬರುತ್ತದೆ. ಆದರೆ ಸರಿಯಾಗಿ ಕಿಡಿ ಹಾರಿಸುವ ಹೊಸ ನಿಕಲ್ ಪ್ಲಗ್ ಕೊಡದ ಮೈಲೇಜನ್ನು ಅದು ಎಲ್ಲಿಂದಲೋ ತಂದು ಕೊಡುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ನಂಬರ್ ಇದೆಯೋ ಅದನ್ನೇ ಹಾಕಬೇಕು.

ನಂಬರಿನಲ್ಲೂ ಒಂದು ಮೋಸವಿದೆ. ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ‘ತಂಪು’, ಬಾಷ್‌ನಲ್ಲಿ ತದ್ವಿರುದ್ಧ, ದೊಡ್ಡದಾದಷ್ಟೂ ‘ಬಿಸಿ’. ಈ ಬಾಷ್ ಲಿಮಿಟೆಡ್ ಬೇರೆ ಯಾವುದೂ ಅಲ್ಲ, 1951ರಲ್ಲಿ ಆರಂಭವಾದ, ಬೆಂಗಳೂರಿನ ಮೈಕೋ. ಹೆಸರು ಬದಲಾದದ್ದು 2008ರಲ್ಲಿ. ಅಣ್ಣನ ಬಾಯಲ್ಲಿ ಅದು ಇನ್ನೂ ‘ಮೈಕೋ ಪ್ಲಗ್’ ಆಗಿಯೇ ಉಳಿದಿದೆ. ಅಂಕಿ ಒಂದೇ ಇದೆಯೆಂದು ಒಂದು ಕಂಪನಿಯದರ ಬದಲು ಇನ್ನೊಂದನ್ನು ಹಾಕಿದರೆ ಕಥೆ ಮುಗಿದಂತೆ.

ಪುಸ್ತಕದಲ್ಲಿದ್ದ ನಂಬರಿನ ಮೂರು ಸಾದಾ ಪ್ಲಗ್ ತಂದು, ಫೀಲರ್ ಗೇಜ್ ತೂರಿಸಿ ಗ್ಯಾಪ್ ನೋಡಿದೆ. ಸಂದರ್ಶನದಲ್ಲಿ ಗೊತ್ತಿಲ್ಲದ ಉತ್ತರ ಬೆರಳ ತುದಿಯಲ್ಲಿತ್ತು. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಅದು 0.7ರಿಂದ 1.1 ಮಿ.ಮೀ. ನಡುವೆ ಇರುತ್ತದೆ. ಮೊದಲು ಬರಿಗೈಯಲ್ಲಿ ತಿರುಗಿಸಿ, ಕೊನೆಯಲ್ಲಷ್ಟೇ ಸ್ಪ್ಯಾನರ್ ಹಾಕಿ ಬಿಗಿಮಾಡಿದೆ. ಪಲ್ಲಾ ಹಾಳಾದರೆ ಇಂಜಿನ್ ಹೆಡ್ಡಿಗೇ ಖರ್ಚು.

ಮತ್ತೆ ಅಳೆದೆವು. 246 ಕಿ.ಮೀ., 18.1 ಲೀಟರ್. ಬಂದದ್ದು 13.6. ಮುಖ ಸಪ್ಪಗಾಯಿತು. ಅರ್ಧ ಕಿಲೋಮೀಟರಿಗೆ ಇಷ್ಟೆಲ್ಲ ಒದ್ದಾಟವೇ?

‘ಪ್ಲಗ್ ಬರೀ ಸಾಕ್ಷಿ ಕಣೋ. ಕಳ್ಳ ಬೇರೆ ಇದಾನೆ’ ಎಂದರು ಅಣ್ಣ. ನಿಜ, ಕಾರಣ ಹುಡುಕದಿದ್ದರೆ ಹೊಸ ಪ್ಲಗ್ಗೂ ಕಪ್ಪಾಗುತ್ತಿತ್ತು. ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಕಾರಿನ ಕಂಪ್ಯೂಟರ್. ಅದಕ್ಕೆ ಕಣ್ಣಿಲ್ಲ, ಸೆನ್ಸರ್‌ಗಳು ಹೇಳಿದ್ದನ್ನು ನಂಬುತ್ತದೆ. ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಕೆಲವೇ ನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆವು. ಕಾರು ಆಗಷ್ಟೇ ಬೆಟ್ಟ ಹತ್ತಿ ಇಳಿದು ಬಂದಿತ್ತು. ರೇಡಿಯೇಟರಿನ ಪೈಪು ಮುಟ್ಟಿದರೆ ಕೈ ಸುಡುತ್ತಿತ್ತು. ಮೊಬೈಲಿನಲ್ಲಿ ಕೂಲೆಂಟ್ ತಾಪಮಾನ ಮಾತ್ರ 52 ಡಿಗ್ರಿ!

ಕಳ್ಳ ಸಿಕ್ಕಿದ್ದ. ಕೂಲೆಂಟ್ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳಿಗೆ ಹಸಿರು ಕಿಲುಬು. ಈ ಸೆನ್ಸರ್ ತಣ್ಣಗಿದ್ದಾಗ ಅದರ ವಿದ್ಯುತ್ ರೋಧ ಹೆಚ್ಚು, ಬಿಸಿಯಾದಷ್ಟೂ ಕಡಿಮೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಿಲುಬು ಇನ್ನಷ್ಟು ರೋಧ ಸೇರಿಸಿದಾಗ ಕಂಪ್ಯೂಟರಿಗೆ ಇಂಜಿನ್ ಇನ್ನೂ ತಣ್ಣಗಿದೆ ಅನಿಸುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕೊಡುವ ಹಾಗೆ ಇಡೀ ದಿನ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. 52 ಅಸಾಧ್ಯದ ಅಂಕಿಯಲ್ಲವಾದ್ದರಿಂದ ಎಚ್ಚರಿಕೆಯ ದೀಪವೂ ಹತ್ತಿರಲಿಲ್ಲ. ಫ್ಯಾನ್ ತಿರುಗುವುದೂ ಇದೇ ಸೆನ್ಸರಿನ ಮಾತು ಕೇಳಿ. ಹಾಗೇ ಬಿಟ್ಟಿದ್ದರೆ ಒಂದು ದಿನ ಇಂಜಿನ್ನೇ ಕಾದು ಕೂರುತ್ತಿತ್ತು.

ಬ್ಯಾಟರಿ ವೈರ್ ಬಿಚ್ಚಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ ಒಣಗಿಸಿದೆ. ಮತ್ತೆ ಓಡಿಸಿ ನೋಡಿದಾಗ 88 ಡಿಗ್ರಿ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರಿಗೂ ಸ್ಪ್ರೇ ಹೊಡೆಯಲು ಹೋದೆ, ಅಣ್ಣ ಕೈ ಹಿಡಿದರು. ಅದನ್ನು ತೊಳೆಯುವುದಲ್ಲ, ಸ್ಕ್ಯಾನರಿನಲ್ಲಿ ನೋಡುವುದು. ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯುತ್ತಿದ್ದರೆ ಚೆನ್ನಾಗಿದೆ, ಕೆಟ್ಟಿದ್ದರೆ ಬದಲಿಸಬೇಕು. ಎಂಎಎಫ್ ಇರುವ ಕಾರಿನಲ್ಲೂ ಅದಕ್ಕೆಂದೇ ಬರುವ ಕ್ಲೀನರನ್ನಷ್ಟೇ ಬಳಸಬೇಕು. ಕಾರ್ಬ್ಯುರೇಟರ್ ಸ್ಪ್ರೇ ಹೊಡೆದರೆ ಕೂದಲೆಳೆಯಂಥ ತಂತಿ ಹಾಳಾಗಬಹುದು.

ಮೂರನೇ ಅಳತೆ: 251 ಕಿ.ಮೀ.ಗೆ 15.7 ಲೀಟರ್. ಲೀಟರಿಗೆ 16! ಅಪ್ಪ ಡೈರಿಯಲ್ಲಿ ಬರೆದು ಎರಡು ಸಲ ಗೆರೆ ಎಳೆದರು.

ಹಳೆಯ 17 ಬರಲಿಲ್ಲವಲ್ಲ ಎಂದು ನೀವು ಕೇಳಬಹುದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದಕ್ಕಾಗಿ ಹೊಂದಿಸದ ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಕಾರಿಗೂ ವಯಸ್ಸಾಗಿದೆ. ಯಾವ ಪ್ಲಗ್ ಹಾಕಿದರೂ, ಯಾವ ಸೆನ್ಸರ್ ತೊಳೆದರೂ ಅದು ವಾಪಸು ಬರುವುದಿಲ್ಲ.

ಕಾರು ಮಾರಲಿಲ್ಲ. ಪ್ಲಗ್, ಕ್ಲೀನರ್, ಸ್ಕ್ಯಾನರ್ ಎಲ್ಲ ಸೇರಿ ಆದ ಖರ್ಚು ಎರಡು ಸಾವಿರವೂ ದಾಟಲಿಲ್ಲ. ನನಗೆ ಕೆಲಸ ಇನ್ನೂ ಸಿಕ್ಕಿಲ್ಲ. ಬೆಳಿಗ್ಗೆ ಅಣ್ಣನ ಗ್ಯಾರೇಜಿಗೆ ಹೋಗುತ್ತೇನೆ, ಮಧ್ಯಾಹ್ನ ಅರ್ಜಿ ಹಾಕುತ್ತೇನೆ. ಆ ಮೂರು ಕಪ್ಪು ಪ್ಲಗ್ಗುಗಳನ್ನು ಮಾರ್ಕ್ಸ್ ಕಾರ್ಡುಗಳ ಫೈಲಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಸಂದರ್ಶನಕ್ಕೆ ಹೊರಡುವ ಮುಂಚೆ ಒಮ್ಮೆ ನೋಡುತ್ತೇನೆ.

ನಿಮ್ಮ ಮನೆಯಲ್ಲೂ ಸ್ಕೂಟರೋ ಬೈಕೋ ಇದ್ದೇ ಇರುತ್ತದೆ. ಈ ಭಾನುವಾರ, ಇಂಜಿನ್ ತಣ್ಣಗಿರುವಾಗ, ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದರ ಪ್ಲಗ್ ಒಮ್ಮೆ ಬಿಚ್ಚಿ ನೋಡಿ. ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮನ್ನೂ ಯಾರಾದರೂ ಕೇಳಬಹುದು.