ಕೋಡ್ ಬಂತು ಅಂತ ಸೆನ್ಸರ್ ಬದಲಿಸಬೇಡಿ

ಶನಿವಾರ ಬೆಳಿಗ್ಗೆ, ಬೆಂಗಳೂರಿನ ರೂಮಿನಲ್ಲಿ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಅಪ್ಪನ ಫೋನು. “ನೀ ಕಂಪ್ಯೂಟರ್ ಕೆಲಸದಾಗ ಇರಾಂವ ಅಲ್ಲೇನೋ? ನಮ್ಮ ಗಾಡ್ಯಾಗೂ ಕಂಪ್ಯೂಟರ್ ಐತಂತ. ಅದಕ್ಕೇನಾಗೈತಿ ಬಂದು ನೋಡು” ಅಂದರು. ಸಾಫ್ಟ್‌ವೇರಿಗೂ ಲಾರಿಗೂ ಏನು ಸಂಬಂಧ ಅಂತ ಹೇಳಲು ಹೋಗಿ, ಅವರ ದನಿ ಕೇಳಿ ಸುಮ್ಮನಾದೆ. ರಾತ್ರಿ ಬಸ್ಸು ಹಿಡಿದೆ.

ನಮ್ಮದು ಕೊಟ್ಟೂರು. ಅಪ್ಪನ ಹತ್ತಿರ ಇರುವುದು ಒಂದೇ ಲಾರಿ, 2018ರ ಮಾಡೆಲ್, ಹತ್ತು ಚಕ್ರದ್ದು, ಸೆಕೆಂಡ್ ಹ್ಯಾಂಡ್. ಮೆಕ್ಕೆಜೋಳ, ಶೇಂಗಾ, ಮಳೆಗಾಲ ಬಂದರೆ ಗೊಬ್ಬರ. ಲೋಡ್ ಸಿಗಲಿ ಬಿಡಲಿ, ಫೈನಾನ್ಸಿನ ಕಂತು ಮಾತ್ರ ನಿಲ್ಲುವುದಿಲ್ಲ. ಈ ಗಾಡಿ ಎರಡು ತಿಂಗಳಿಂದ ಒಂದೇ ಕಾಟ ಕೊಡುತ್ತಿತ್ತು. ಲೋಡ್ ಹಾಕಿಕೊಂಡು ಹೊರಟರೆ ದಾರಿಯಲ್ಲಿ ಎಲ್ಲೋ ಎಂಜಿನ್ ದೀಪ ಹತ್ತುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ‘ರೇಲ್ ಪ್ರೆಶರ್ ಸೆನ್ಸರ್ ಕೋಡ್ ಬಂದಿದೆ’ ಅಂತ ಸೆನ್ಸರ್ ಬದಲಿಸಿ 9,000 ರೂಪಾಯಿ ತೆಗೆದುಕೊಂಡರು. ವಾರಕ್ಕೇ ಅದೇ ದೀಪ, ಅದೇ ಕೋಡ್. ಈ ಸಲ ‘ಪಂಪ್ ಇಳಿಸಬೇಕು, ಲಕ್ಷದ ಹತ್ತಿರ ಬರುತ್ತೆ’ ಅಂದರು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಮೂರೂಕಾಲಿಗೆ ಇಳಿದಿತ್ತು. ಅಪ್ಪನಿಗೆ ಡ್ರೈವರ್ ಮೇಲೆ ಅನುಮಾನ. ಹನ್ನೊಂದು ವರ್ಷ ನಮ್ಮಲ್ಲೇ ಇದ್ದ, ನಾನು ಕಾಕಾ ಅಂತಲೇ ಕರೆಯುವ ಮನುಷ್ಯ. ಡೀಸೆಲ್ ತೆಗೆದು ಮಾರುತ್ತಾನೆ ಅಂತ ಬಾಯಿಬಿಟ್ಟು ಅನ್ನಲಿಲ್ಲವಂತೆ. ಭತ್ಯೆಯಲ್ಲಿ 4,000 ಹಿಡಿದುಕೊಂಡರಂತೆ. ಅಂದದ್ದಕ್ಕಿಂತ ಅದೇ ಹೆಚ್ಚಾಯಿತು. ಕಾಕಾ ಕೀ ತಂದು ಟೇಬಲ್ ಮೇಲಿಟ್ಟು ಹಡಗಲಿ ಕಡೆಯ ತನ್ನ ಊರಿಗೆ ಹೋದ.

ಅಪ್ಪನ ಅನುಮಾನಕ್ಕೂ ಕಾರಣ ಇತ್ತು. ಅವರು ಕಲಿತದ್ದು ಹಳೆಯ ಲಾರಿಗಳ ಮೇಲೆ. ಸಂಡೂರಿನ ಅದಿರು ಹೊಡೆಯುವ ಕಾಲದಲ್ಲಿ ಅವರ ಹತ್ತಿರ ಇದ್ದ ಗಾಡಿಯಲ್ಲಿ ಕಂಪ್ಯೂಟರ್ ಅನ್ನುವುದೇ ಇರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಷ್ಟೋ ಲಾರಿಗಳ ಜೊತೆ ಅದೂ ಮನೆ ಮುಂದೆ ನಿಂತು, ಕೊನೆಗೆ ಸಿಕ್ಕ ರೇಟಿಗೆ ಹೋಯಿತು. ಆ ಗಾಡಿಯ ರೋಗ ಹೊಗೆ ನೋಡಿದರೆ ಗೊತ್ತಾಗುತ್ತಿತ್ತು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡು, ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಏಪ್ರಿಲ್ 2017ರಿಂದ ದೇಶದಾದ್ಯಂತ ಬಿಎಸ್-4 ಗಾಡಿಯನ್ನೇ ಮಾರಬೇಕು ಅಂತಾಯಿತು. ಬಹುತೇಕ ಲಾರಿಗಳಿಗೆ ಕಾಮನ್ ರೇಲ್, ಸೆನ್ಸರು, ಇಸಿಎಂ ಅನ್ನುವ ಪೆಟ್ಟಿಗೆ ಬಂತು. ಆ ಪೆಟ್ಟಿಗೆಗೆ ಒಂದು ಸೆನ್ಸರಿನ ಲೆಕ್ಕ ತಪ್ಪಿದಂತೆ ಕಂಡರೂ ಸಾಕು, ಎಂಜಿನ್ ಕೆಡದಿರಲಿ ಅಂತ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಆಗ ಲೋಡ್ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಉರುಳಿಸಿಕೊಂಡು ಬರಬೇಕು. ಮೈಲೇಜ್ ಬೀಳದೆ ಇನ್ನೇನಾಗುತ್ತೆ?

ನಾನು ಆನ್‌ಲೈನಿನಲ್ಲಿ ತರಿಸಿಟ್ಟಿದ್ದ ಅಗ್ಗದ ಬ್ಲೂಟೂತ್ ರೀಡರ್ ಹಿಡಿದು ಹೋಗಿದ್ದೆ. ಅದು ಕಾರಿನದು. ಲಾರಿಯದು 24 ವೋಲ್ಟ್, ಮಾತಾಡುವ ಭಾಷೆಯೂ ಬೇರೆ. ಅದಕ್ಕೆ ಜೆ1939 ಅಂತ ಹೆಸರು. 24 ವೋಲ್ಟಿಗೆ ನಡೆಯುತ್ತದೆ ಅಂತ ಬರೆದಿಲ್ಲದ ಯಾವುದನ್ನೂ ಲಾರಿಗೆ ಚುಚ್ಚಬೇಡಿ, ಸುಟ್ಟು ಹೋಗಬಹುದು. ಅಪ್ಪನ ಮುಂದೆ ಮುಖ ಸಣ್ಣದಾಯಿತು. ಕೊನೆಗೆ ಅವರೇ ಹಗರಿಬೊಮ್ಮನಹಳ್ಳಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದರು. ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಹತ್ತಿರ ಲಾರಿಯ ಸ್ಕ್ಯಾನರ್ ಇತ್ತು.

ಚಾಚಾ ಮೊದಲು ಮಾಡಿದ ಕೆಲಸ ನೋಡಿ ನನಗೆ ಖುಷಿಯಾಯಿತು. ಕೋಡ್‌ಗಳನ್ನು ಅಳಿಸಲಿಲ್ಲ, ಎಲ್ಲವನ್ನೂ ಹಾಳೆಯ ಮೇಲೆ ಬರೆದುಕೊಂಡರು. ಆ ಗ್ಯಾರೇಜಿನವರು ಪ್ರತಿ ಸಲ ಮೊದಲು ಕ್ಲಿಯರ್ ಒತ್ತುತ್ತಿದ್ದರಂತೆ. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದಾಗ ಲಾಗ್ ಅಳಿಸಿ ಆಮೇಲೆ ಕಾರಣ ಹುಡುಕಿದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರಾ? ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸುವುದೂ ಅಂಥದ್ದೇ.

ಹಾಳೆಯಲ್ಲಿ ಮೂರು ಸಾಲು. ಎಸ್‌ಪಿಎನ್ 157 – ಎಫ್‌ಎಂಐ 4. ಎಸ್‌ಪಿಎನ್ 102 – ಎಫ್‌ಎಂಐ 4. ಎಸ್‌ಪಿಎನ್ 100 – ಎಫ್‌ಎಂಐ 4. ಮೊದಲ ಸಂಖ್ಯೆ ಯಾವುದರ ಬಗ್ಗೆ ದೂರು ಅಂತ ಹೇಳುತ್ತದೆ: 157 ಅಂದರೆ ಡೀಸೆಲ್ ರೇಲಿನ ಒತ್ತಡ, 102 ಟರ್ಬೋ ಗಾಳಿಯ ಒತ್ತಡ, 100 ಎಂಜಿನ್ ಆಯಿಲ್ ಒತ್ತಡ. ಎರಡನೆಯದು ದೂರು ಎಂಥದ್ದು ಅಂತ. 3 ಬಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ, 4 ಬಂದರೆ ಕೆಳಗೆ, 5 ಬಂದರೆ ಸಾಮಾನ್ಯವಾಗಿ ವೈರ್ ಕಡಿದಿದೆ. 1 ಅಥವಾ 18 ಬಂದರೆ ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ, ಒತ್ತಡವೇ ನಿಜವಾಗಿ ಕಡಿಮೆ ಅಂತ. ಪಂಪು, ಫಿಲ್ಟರಿನ ಮಾತು ಆಗ. ನಮ್ಮದರಲ್ಲಿ ಮೂರಕ್ಕೂ 4. ಅಂದರೆ ದೂರು ಡೀಸೆಲಿನದ್ದಲ್ಲ, ಕರೆಂಟಿನದ್ದು. ಈ ಎರಡನೆಯ ಸಂಖ್ಯೆಯನ್ನು ಓದದೆಯೇ ಸೆನ್ಸರ್ ಬದಲಿಸಿ ಪಂಪಿಗೆ ಕೈ ಹಾಕಲು ಹೊರಟಿದ್ದರು.

“ಕೋಡ್ ಅಂದ್ರ ಪೊಲೀಸ್ ಕಂಪ್ಲೇಂಟ್ ಇದ್ದಂಗ ತಮ್ಮಾ. ಕಂಪ್ಲೇಂಟ್ ಕೊಟ್ಟಾಂವನ ಹೆಸರು ಇರತೈತಿ, ಕಳ್ಳನ ಹೆಸರು ಇರಂಗಿಲ್ಲ” ಅಂದರು ಚಾಚಾ. ಅಪ್ಪ ಆ ಕಡೆ ತಿರುಗಿ ನಿಂತರು.

ಮೂರು ಸೆನ್ಸರ್ ಒಂದೇ ದಿನ ಸಾಯುವುದು ಅಪರೂಪ. ಮೂರಕ್ಕೂ ಸಾಮಾನ್ಯವಾದದ್ದು ಏನು ಅಂತ ಕೇಳಬೇಕು. ಇಂಥ ಸೆನ್ಸರುಗಳಿಗೆ ಇಸಿಎಂ 5 ವೋಲ್ಟ್ ಕೊಡುತ್ತದೆ, ಒಂದೇ ಸಪ್ಲೈಯನ್ನು ಎರಡು ಮೂರು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಆ ವೈರ್ ಎಲ್ಲೋ ಚಾಸಿಗೆ ತಾಗಿದರೆ ಎಲ್ಲದರ ಉಸಿರೂ ಒಟ್ಟಿಗೆ ನಿಲ್ಲುತ್ತದೆ.

ಆದರೂ ಚಾಚಾ ಶುರು ಮಾಡಿದ್ದು ಬ್ಯಾಟರಿಯಿಂದ. 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ, ಎಂಜಿನ್ ಆಫ್ ಇದ್ದಾಗ 25.3 ತೋರಿಸಿತು, ಸ್ಟಾರ್ಟ್ ಆದ ಮೇಲೆ 28ರ ಹತ್ತಿರ. ಎರಡೂ ಸರಿ. ಆಮೇಲೆ ಅರ್ಥಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿ ಸಡಿಲವಾಗಿದೆ, ಇಲ್ಲ ತುಕ್ಕು ಹಿಡಿದಿದೆ. ನಮ್ಮದು 0.2. ಗೊಬ್ಬರದ ಲೋಡ್ ಹೊಡೆಯುವವರು ಇದನ್ನು ಆಗಾಗ ನೋಡಿಕೊಳ್ಳಲೇಬೇಕು, ಗೊಬ್ಬರದ ಪುಡಿ ತಾಮ್ರವನ್ನು ತಿನ್ನುತ್ತದೆ. ಒಂದು ಪಕ್ಷ ಸ್ಕ್ಯಾನರ್ ಗಾಡಿಯ ಜೊತೆ ಮಾತೇ ಆಡದಿದ್ದರೆ, ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಸಾಕೆಟ್ಟಿನ ಎರಡು ಕ್ಯಾನ್ ವೈರುಗಳ ನಡುವೆ ಓಮ್ ಅಳೆಯಿರಿ. 60ರ ಹತ್ತಿರ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ.

ಇನ್ನು ಉಳಿದದ್ದು ವೈರಿಂಗ್. ನಿಂತ ಗಾಡಿಯಲ್ಲಿ 5 ವೋಲ್ಟ್ ಸರಿಯಾಗಿಯೇ ಇತ್ತು. ನಾನು ಕಾಕಾಗೆ ಫೋನ್ ಮಾಡಿದೆ. “ಯಾವಾಗ ಬರ್ತಿತ್ತು ಕಾಕಾ?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಪ್ ಇಳದ ಮ್ಯಾಲೆ. ಅದೂ ಲೋಡ್ ಇದ್ದರ. ಯಾರೂ ಕೇಳಲಿಲ್ಲ ನನ್ನ” ಅಂದ. ಎರಡು ತಿಂಗಳು ಯಾವ ಸ್ಕ್ಯಾನರೂ ಹೇಳದ ಮಾತು.

ಎಂಜಿನ್ ಸ್ಟಾರ್ಟ್ ಇಟ್ಟು, ನಾನು ಮೀಟರ್ ಹಿಡಿದೆ, ಚಾಚಾ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದರು. ಎಂಜಿನ್ನಿನಿಂದ ಚಾಸಿಗೆ ತಿರುಗುವ ಬ್ರಾಕೆಟ್ ಹತ್ತಿರ ಎಳೆದ ಕೂಡಲೇ 5 ಇದ್ದದ್ದು ಸೊನ್ನೆ. ಎಂಜಿನ್ ದನಿ ಬದಲಾಯಿತು, ದೀಪ ಹತ್ತಿತು. ಅಪ್ಪ ಕ್ಯಾಬಿನ್ನಿನಿಂದ “ಬಂತು, ಬಂತು!” ಅಂತ ಕೂಗಿದರು. ಕ್ಲಿಪ್ ಮುರಿದು ಪೈಪು ಸವೆದಿತ್ತು, ಒಳಗಿನ ವೈರಿನ ತಾಮ್ರ ಉಗುರಿನಷ್ಟು ಇಣುಕುತ್ತಿತ್ತು. ಲೋಡಿನಲ್ಲಿ ಎಂಜಿನ್ ವಾಲಿದಾಗ ಬ್ರಾಕೆಟ್ಟಿಗೆ ತಾಗುತ್ತಿತ್ತು. ವೈರಿಗೆ ಹೀಟ್ ಸ್ಲೀವ್, ಹೊಸ ಪೈಪು, ರಬ್ಬರ್ ಹಾಕಿದ ಕ್ಲಿಪ್. ಚಾಚಾ ಕೂಲಿ ಸೇರಿ 850 ರೂಪಾಯಿ.

ಮರುದಿನ ಅಪ್ಪ ಬೆಳಿಗ್ಗೆಯೇ ಹಡಗಲಿ ಬಸ್ಸು ಹತ್ತಿದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ, ಇಬ್ಬರೂ ಹೇಳಿಲ್ಲ. ಸಂಜೆ ಕಾಕಾ ಜೊತೆಯಲ್ಲೇ ಬಂದ. ಹಿಡಿದಿದ್ದ 4,000 ಕೊಟ್ಟದ್ದು ಅವ್ವ ನೋಡಿದಳಂತೆ.

ಮೊನ್ನೆ ಆಫೀಸಿನ ಮೀಟಿಂಗಿನಲ್ಲಿದ್ದಾಗ ಕಾಕಾನಿಂದ ಒಂದು ಫೋಟೋ ಬಂತು. ಸ್ಕ್ಯಾನರಿನ ಪರದೆ: ಎಸ್‌ಪಿಎನ್ 168, ಎಫ್‌ಎಂಐ 4. ಕೆಳಗೆ ಒಂದು ವಾಯ್ಸ್ ಮೆಸೇಜು. “ಇದು ಬ್ಯಾಟರಿ ವೋಲ್ಟೇಜಿಂದಂತ, ಚಾಚಾ ಹೇಳಿದ್ರು. ಟರ್ಮಿನಲ್ ಲೂಸ್ ಇತ್ತು, ಟೈಟ್ ಮಾಡೀನಿ. ಕ್ಲಿಯರ್ ಮಾಡಿಲ್ಲ, ನೀ ಬರ್ಕೊಂಡ ಮ್ಯಾಲೆ ಮಾಡ್ತೀನಿ.”